ಗೋಡೆ ಪಕ್ಕದ ಕುರ್ಚಿ

ನಮ್ಮ ವಿಜ್ಞಾನ ಅಕಾಡೆಮಿಯಲ್ಲಿ ಸಭೆಯ ನಡಾವಳಿ ಸಭೆಗೆ ಹಿಂದಿನ ದಿನವೇ ಟೈಪ್ ಆಗಿ ಕೂತಿರುತ್ತೆ. ಟೈಪ್ ಮಾಡೋಳು ನಾನೇ, ಇಪ್ಪತ್ತೆರಡು ವರ್ಷದಿಂದ. ಯಾರು ಏನು ಹೇಳಿದರು, ಯಾರು ಒಪ್ಪಿದರು ಅಂತ ಅಧ್ಯಕ್ಷರು ಮೊದಲೇ ಹೇಳಿ ಬರೆಸ್ತಾರೆ. ಮಾರನೇ ದಿನ ಹಿರಿಯರೆಲ್ಲ ಬಂದು, ಬಿಸ್ಕತ್ತು ತಿಂದು, ತಮ್ಮ ಕಾಲದ ಕಥೆ ಹೇಳಿಕೊಂಡು ಎದ್ದು ಹೋಗ್ತಾರೆ. ಅಧ್ಯಕ್ಷರು ಕೊನೆಯ ಪುಟಕ್ಕೆ ಸಹಿ ಜಡೀತಾರೆ. ಮೊದಮೊದಲು ನನಗೆ ನಗು ಬರ್ತಿತ್ತು. ಆಮೇಲೆ ಹೇಸಿಗೆ ಆಗೋಕೆ ಶುರುವಾಯ್ತು, ಆದರೂ ಟೈಪ್ ಮಾಡ್ತಾನೇ ಇದ್ದೆ.

ಮೂರು ವರ್ಷದ ಹಿಂದೆ ಅಧ್ಯಕ್ಷರಿಗೆ ಒಂದು ಹುಕಿ ಬಂತು. ಬೇರೆ ಅಕಾಡೆಮಿಗಳಲ್ಲೆಲ್ಲ ಎಳೆಯ ವಿಜ್ಞಾನಿಗಳಿಗೆ ಅಂತಲೇ ಒಂದು ವಿಭಾಗ ಇದೆಯಂತೆ, ನಮ್ಮಲ್ಲೂ ಇರಲಿ ಅಂದರು. 'ಯುವ ದನಿ' ಅಂತ ಹೆಸರಿಟ್ಟು ಬ್ಯಾನರ್ ಕಟ್ಟಿಸಿದರು. ಆ ದನಿಗೆ ದೊಡ್ಡ ಮೇಜಿನ ಹತ್ತಿರ ಜಾಗ ಸಿಗಲಿಲ್ಲ. ಗೋಡೆ ಪಕ್ಕ, ಚಪ್ಪಲಿ ಬಿಡೋ ಕಡೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಮೈಕಿನ ವೈರು ಅಲ್ಲಿವರೆಗೂ ಎಟುಕೋದಿಲ್ಲ. ನಡಾವಳಿಯಲ್ಲಿ ಮಾತ್ರ ಪ್ರತಿ ವಿಷಯದ ಕೊನೆಗೂ ಒಂದು ಸಾಲು ಸೇರಿಸು ಅಂದರು: 'ಯುವ ವಿಭಾಗದವರೂ ಒಪ್ಪಿಗೆ ಸೂಚಿಸಿದರು.' ಕಣ್ಣೊರೆಸೋ ಆಟ ಅಂತ ಗೊತ್ತಿದ್ದೂ ಆ ಸಾಲನ್ನ ಎಷ್ಟು ಸಲ ಟೈಪ್ ಮಾಡಿದೆನೋ.

ಆ ಕುರ್ಚಿಗೆ ಬಂದವಳು ನೀರು ಪರೀಕ್ಷೆ ಮಾಡೋ ಹುಡುಗಿ. ಹುಡುಗಿ ಅನ್ನೋದು ಹಿರಿಯರ ಬಾಯಲ್ಲಿ. ವಯಸ್ಸು ಮೂವತ್ತನಾಲ್ಕು, ಡಾಕ್ಟರೇಟ್ ಆಗಿ ಆರು ವರ್ಷ, ಮಗಳು ಎರಡನೇ ಕ್ಲಾಸು. ಕೆಲಸ ಮಾತ್ರ ಗುತ್ತಿಗೆಯದ್ದು, ವರ್ಷಾ ವರ್ಷ ಮುಂದುವರಿಸಬೇಕು, ಆ ಕಾಗದಕ್ಕೆ ಸಹಿ ಹಾಕೋರೂ ಇದೇ ಅಧ್ಯಕ್ಷರೇ. ಮೊದಲನೇ ಸಭೆಯಲ್ಲಿ ಒಬ್ಬರು "ಮಗೂ, ಆ ಕಿಟಕಿ ಮುಚ್ಚಮ್ಮ" ಅಂದರು. ಇನ್ನೊಬ್ಬರು ಫೋನು ಕೈಗೆ ಕೊಟ್ಟು ಗುಂಪಿನ ಫೋಟೊ ತೆಗಿ ಅಂದರು. ಆ ವರ್ಷದ ವರದಿಯಲ್ಲಿ ಎಲ್ಲರ ಮುಖವೂ ಇದೆ, ಯುವ ದನಿಯದ್ದಿಲ್ಲ. ಫೋಟೊ ತೆಗೆದವಳು ಅವಳಲ್ಲವಾ.

ಅವಳ ಕೆಲಸ ಬೆಳಿಗ್ಗೆ ಆರಕ್ಕೆ ಶುರು. ಗಂಡ ಮಗಳಿಗೆ ಜಡೆ ಹಾಕ್ತಿರೋ ಹೊತ್ತಿಗೆ ಇವಳು ಸ್ಕೂಟರಿಗೆ ಬಾಟಲಿ ಹೇರಿಕೊಂಡು ಶಾಲೆ ಗೇಟಿನ ಮುಂದೆ ನಿಂತಿರ್ತಿದ್ದಳು. ರಾತ್ರಿಯೆಲ್ಲ ಹಳೇ ಪೈಪಿನಲ್ಲಿ ನಿಂತ ನೀರು, ನಲ್ಲಿ ತಿರುಗಿಸಿದಾಗ ಮೊದಲು ಬರೋ ಲೋಟ, ಅದನ್ನೇ ಹಿಡೀಬೇಕು. ಮಕ್ಕಳು ಬಂದ ತಕ್ಷಣ ಕುಡಿಯೋದು ಅದನ್ನೇ ತಾನೇ. ನಲವತ್ತು ಶಾಲೆ ಸುತ್ತಿದಳು. ಹದಿನೇಳರಲ್ಲಿ ಸೀಸ ಸಿಕ್ಕಿತು, ಮಕ್ಕಳ ಬುದ್ಧಿಗೇ ಕುತ್ತು ತರೋ ಅಷ್ಟು.

ಅದೇ ಶಾಲೆಗಳಿಗೆ ನಮ್ಮ ಹಿರಿಯರ ತಂಡವೂ ಹೋಗಿತ್ತು, ತಿಂಡಿ ಮುಗಿಸಿ ಹನ್ನೊಂದು ಗಂಟೆಗೆ. ನಲ್ಲಿಯನ್ನ ಐದು ನಿಮಿಷ ಬಿಟ್ಟು, ಸೀಸವೆಲ್ಲ ಮೋರಿ ಸೇರಿದ ಮೇಲೆ ಬಾಟಲಿ ಹಿಡಿದು, ನೀರು ಶುದ್ಧವಾಗಿದೆ ಅಂತ ಬರೆದರು. ನಲವತ್ತು ವರ್ಷದ ಅನುಭವ ಬೇರೆ. ಆ ಅಭಿಪ್ರಾಯ ಸಭೆಯಲ್ಲಿ ಪಾಸಾಗಿ ನಡಾವಳಿ ಸಮೇತ ಶಿಕ್ಷಣ ಇಲಾಖೆಗೆ ಹೋಗಬೇಕಿತ್ತು. ಹೋದರೆ ಮುಗೀತು, ಪೈಪಿನ ತಂಟೆಗೆ ಇನ್ನು ಯಾರೂ ಹೋಗಲ್ಲ.

ಸಭೆಗೆ ಹಿಂದಿನ ದಿನ ಅವಳು ತನ್ನ ಪರೀಕ್ಷೆಯ ಲೆಕ್ಕವೆಲ್ಲ ಬರೆದ ಒಂದು ಚೀಟಿ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. "ಅಕ್ಕಾ, ಇದೊಂದು ಮಾತು ನಡಾವಳಿಗೆ ಬರಬೇಕು. ನನ್ನ ಮಗಳಿಗೆ ನಾನು ಮನೆಯಿಂದ ನೀರು ಕಳಿಸ್ತೀನಿ. ಅವಳ ಪಕ್ಕ ಕೂರೋ ಮಗುವಿಗೆ ಯಾರು ಕಳಿಸ್ತಾರೆ?"

"ಸಭೆಯಲ್ಲಿ ಹೇಳಮ್ಮ, ಹೇಳಿದರೆ ಬರುತ್ತೆ" ಅಂದು ಚೀಟಿ ತಗೊಂಡೆ. ನಾಳೆಯ ನಡಾವಳಿ ಆಗಲೇ ನನ್ನ ಡ್ರಾಯರಿನಲ್ಲಿತ್ತು, ಅವಳು ಒಪ್ಪಿದಳು ಅನ್ನೋ ಸಾಲಿನ ಸಮೇತ. ಅವಳ ಮುಖ ನೋಡದೆ ಅಂಥಾ ಸುಳ್ಳು ಹೇಳಿದೆನಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯವಾಯ್ತು.

ಮಾರನೇ ದಿನ ಅವಳು ಎದ್ದು ನಿಂತು, ಮೈಕಿಲ್ಲದೆ, ಗಂಟಲೆತ್ತಿ ಹೇಳಿದಳು. ಶಾಲೆಗಳ ಹೆಸರು ಒಂದೊಂದಾಗಿ ಓದಿದಳು. ಅಧ್ಯಕ್ಷರು ಮುಗುಳ್ನಕ್ಕು, "ನೋಡಿ, ಎಳೆಯರು ಹೀಗೆ ಧೈರ್ಯವಾಗಿ ಮಾತಾಡಬೇಕು. ಇದಕ್ಕೇ ನಾವು ಈ ವಿಭಾಗ ಮಾಡಿದ್ದು. ಎಲ್ಲರೂ ಒಂದು ಚಪ್ಪಾಳೆ ಕೊಡಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಯಲ್ಲೇ ಅಧ್ಯಕ್ಷರು ಪೆನ್ನು ತಗೊಂಡರು.

"ಸಾರ್, ನಾನು ಹೇಳಿದ್ದು ನಡಾವಳಿಗೆ ಬರುತ್ತಲ್ಲ?" ಅಂತ ಅವಳು ಕೇಳಿದಳು.

"ಬರುತ್ತಮ್ಮ, ಎಲ್ಲಾ ಬರುತ್ತೆ" ಅಂದು ಕೊನೆಯ ಪುಟಕ್ಕೆ ಸಹಿ ಹಾಕಿದರು.

ಅವಳನ್ನ ಬೈದು ಕೂರಿಸಿದ್ದರೂ ನನಗೆ ಇಷ್ಟು ಅಸಹ್ಯ ಆಗ್ತಿರಲಿಲ್ಲ. ಎಲ್ಲಾ ಬರುತ್ತೆ ಅಂದರಲ್ಲ, ಬರಲಿ ಅಂತ ನನ್ನ ಜಾಗಕ್ಕೆ ಬಂದು ಮೂರನೇ ಪುಟ ಹೊಸದಾಗಿ ಟೈಪ್ ಮಾಡಿದೆ. ಒಪ್ಪಿಗೆಯ ಸಾಲು ತೆಗೆದು ಅವಳ ಚೀಟಿಯಲ್ಲಿದ್ದದ್ದನ್ನ ಹಾಕಿದೆ, ಹದಿನೇಳು ಶಾಲೆ, ಮೊದಲ ನೀರು, ಎಲ್ಲಾ. ಜಾಗ ಸಾಲದಿದ್ದಾಗ ಅಧ್ಯಕ್ಷರನ್ನ ಹೊಗಳಿದ್ದ ಎರಡು ಸಾಲು ಕಿತ್ತು ಹಾಕಿದೆ. ಸಹಿ ಇದ್ದ ಪುಟ ಮುಟ್ಟಲಿಲ್ಲ. ಅವತ್ತೇ ಲಕೋಟೆ ಕಳಿಸಿದೆ.

ಹತ್ತು ದಿನಕ್ಕೆ ಇಲಾಖೆಯಿಂದ ಪತ್ರ ಬಂತು, ಆ ಶಾಲೆಗಳ ವಿವರ ಕೊಡಿ ಅಂತ. ಅಧ್ಯಕ್ಷರು ನನ್ನನ್ನ ಕರೆದರು. "ಇದು ಎಲ್ಲಿಂದ ಬಂತು? ನಾನು ಸಹಿ ಹಾಕಿದಾಗ ಇರಲಿಲ್ಲ."

"ಅವಳು ಹೇಳಿದ್ದು ನಿಜ ತಾನೇ ಸಾರ್. ನೀವೇ ಬರುತ್ತೆ ಅಂದಿರಿ. ಬೇಡ ಅಂದರೆ ಇಲಾಖೆಗೆ ಬರೀತೀನಿ, ನಮ್ಮ ನಡಾವಳಿ ಸಭೆಗೆ ಹಿಂದಿನ ದಿನವೇ ತಯಾರಾಗಿರುತ್ತೆ, ಆಗ ಇದು ಇರಲಿಲ್ಲ ಅಂತ."

ಅವರ ಮುಖ ಹುಳ್ಳಗಾಯ್ತು. "ಇನ್ಮೇಲೆ ಸಭೆಯಲ್ಲೇ ಸಹಿ ಹಾಕಲ್ಲ, ಸಭೆ ಮುಗಿದು ಊಟ ಆದಮೇಲೆ ನಿಧಾನವಾಗಿ ಓದಿ, ಪ್ರತಿ ಪುಟಕ್ಕೂ ಸಹಿ ಹಾಕ್ತೀನಿ" ಅಂದರು.

ಆ ತಿಂಗಳೇ ಪೇಪರಿನಲ್ಲಿ ಅಧ್ಯಕ್ಷರ ಫೋಟೊ ಬಂತು, ಯಾವುದೋ ಶಾಲೆಯ ನಲ್ಲಿ ಹಿಡಿದುಕೊಂಡು ನಿಂತಿದ್ದರು. ಮೊದಲ ನೀರಿನ ಅಪಾಯವನ್ನ ತಾವೇ ಪತ್ತೆ ಮಾಡಿದರಂತೆ. ಥೂ, ಆ ಪೇಪರು ಕೈಯಲ್ಲಿ ಹಿಡಿಯೋಕೂ ಮನಸ್ಸಾಗಲಿಲ್ಲ. ಹುಡುಗಿಯ ಕೆಲಸ ಮುಂದುವರಿಸೋ ಕಾಗದ ಮಾತ್ರ ಅವರ ಮೇಜಿನ ಮೇಲೇ ಉಳೀತು, ಅವಧಿ ಮುಗಿಯೋವರೆಗೂ.

ಗುರುತಿನ ಚೀಟಿ ವಾಪಸ್ ಕೊಡೋಕೆ ಬಂದಾಗ ಅವಳು ಅಳಲಿಲ್ಲ. "ಬೆಳಿಗ್ಗೆ ಮೂರು ಶಾಲೆಗೆ ಹೋಗಿದ್ದೆ ಅಕ್ಕಾ. ಮಕ್ಕಳು ಬರೋಕೆ ಮುಂಚೆಯೇ ನೀರು ಹರಿಯಬಿಡ್ತಿದ್ದಾರೆ. ಒಂದು ಕಡೆ ಪೈಪು ಅಗೀತಿದ್ದಾರೆ" ಅಂದಳು. ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಇವತ್ತಿಗೂ ಸಾಕಾಗಿಲ್ಲ.

ಈಗ ಆ ಕುರ್ಚಿಗೆ ಇನ್ನೊಬ್ಬಳು ಬಂದಿದ್ದಾಳೆ, ಔಷಧಿ ವಿಷಯದವಳು. ಅಧ್ಯಕ್ಷರೇ ಹುಡುಕಿ ತಂದದ್ದು, ಬಾಯಿಲ್ಲದವಳು ಅಂತ. ಹೋದ ವಾರ ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದು ಕೇಳಿದಳು, "ಅಕ್ಕಾ, ಸಭೆಯಲ್ಲಿ ಏನಾದರೂ ಹೇಳಿದರೆ ನಡಾವಳಿಗೆ ಬರುತ್ತಾ?"

"ಹೇಳಮ್ಮ, ಬರುತ್ತೆ" ಅಂದೆ. ಈ ಸಲ ಅವಳ ಮುಖ ನೋಡಿಯೇ ಹೇಳಿದೆ. ಅಧ್ಯಕ್ಷರು ಈಗ ಊಟ ಮುಗಿಸಿ ಬಂದು ಪ್ರತಿ ಪುಟಕ್ಕೂ ಸಹಿ ಹಾಕ್ತಾರೆ. ಓದೋದನ್ನ ಮಾತ್ರ ಇನ್ನೂ ಶುರು ಮಾಡಿಲ್ಲ.