ಚಿವುಟಿದ ಮಲ್ಲಿಗೆ

ಚಳಿ ಬಿತ್ತೆಂದರೆ ನಮ್ಮ ಮನೆಯವರಿಗೆಲ್ಲ ಹಸಿ ಕಡಲೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನೆನಪಾಗುತ್ತವೆ. ನನಗೆ ಹಿತ್ತಲಿನ ದುಂಡು ಮಲ್ಲಿಗೆ ನೆನಪಾಗುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ.

ನಾನು ಬೆಳೆದದ್ದು ನಿಪ್ಪಾಣಿಯ ಓಣಿಯೊಂದರಲ್ಲಿ, ತುಳಸಿಗೂ ಮಣ್ಣಿಲ್ಲದ ಬಾಡಿಗೆ ಮನೆಯಲ್ಲಿ. ಹೂವೆಂದರೆ ಮಾರುವವಳು ಮೊಳ ಹಾಕಿ ಕೊಟ್ಟದ್ದೇ. ನನ್ನ ಗಿಡದ ಹೂವನ್ನು ನಾನೇ ಕಟ್ಟಿ ಯುಗಾದಿಯ ದಿನ ಮುಡಿಯಬೇಕೆಂಬ ಆಸೆ ಮದುವೆಯಾಗಿ ಈ ಹಳ್ಳಿಗೆ ಬಂದಾಗಿನಿಂದ ಇತ್ತು. ಸದಲಗಾ ಸಂತೆಯಿಂದ ಸಸಿ ತಂದು ನೆಟ್ಟೆ. ಆಮೇಲೆ ಬರೀ ಎಲೆ, ಹೂವೇ ಇಲ್ಲ.

ಹೋದ ವರ್ಷ ಪುಷ್ಯದಲ್ಲಿ, ಗಿಡ ಹೂವಿಗೆ ಬರಲೆಂದು ನೀರು ನಿಲ್ಲಿಸಿ, ಎಲೆ ಉದುರಿಸಿ, ರೆಂಬೆ ಕತ್ತರಿಸಿದೆ. ಗಿಡ ಸತ್ತಿದೆ ಎಂದು ಅತ್ತೆ ಸಾರಿಬಿಟ್ಟರು. ನಾನು ಬುಡ ಕೆದರಿ ಸಗಣಿ ಗೊಬ್ಬರ ಹಾಕಿದೆ, ಮತ್ತೆ ನೀರು ಬಿಟ್ಟೆ. ಬೆಳಗಿನ ಥಂಡಿಯಲ್ಲಿ ಶಾಲು ಹೊದ್ದು ಹೋಗಿ ನೋಡುವುದೇ ನನ್ನ ದಿನದ ಮೊದಲ ಕೆಲಸ. ಶಿವರಾತ್ರಿ ಕಳೆದ ಮೇಲೆ ಚಿಗುರಿನ ತುದಿಯಲ್ಲಿ ಹಸಿರು ಮೊಗ್ಗು ಕಂಡವು. ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ತೋರಿಸಬಾರದಿತ್ತು.

ನಮ್ಮ ಮಾವ ಆಯುಷ್ಯವೆಲ್ಲ ತಂಬಾಕು ಬೆಳೆದವರು. ತಂಬಾಕಿನ ಗಿಡ ಹೂವಿಗೆ ಬಂತೆಂದರೆ ತುದಿಯ ಕುಡಿಯನ್ನು ಚಿವುಟಿ ಹಾಕುತ್ತಾರೆ, ಇಲ್ಲವಾದರೆ ಎಲೆ ತೆಳ್ಳಗಾಗಿ ವ್ಯಾಪಾರಿ ಮೂಗು ಮುರಿಯುತ್ತಾನೆ. ಮರುದಿನ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವರು ಹಿತ್ತಲಲ್ಲಿ ನಿಂತಿದ್ದರು. ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ. ಎಲ್ಲವೂ ಅವರ ಕಾಲ ಬಳಿ ಬಿದ್ದಿದ್ದವು. ಮುಖದ ಮೇಲೆ ಉಪಕಾರ ಮಾಡಿದ ಠೀವಿ ಬೇರೆ.

"ಕುಡಿ ಚೂಟೇನವ್ವಾ. ಇನ್ನ ಎಲಿ ದಪ್ಪ ಬರ್ತಾವ ನೋಡು."

ನನ್ನ ಮೈಯೆಲ್ಲ ಉರಿಯಿತು. "ಮಾಮಾ, ಮಲ್ಲಿಗಿ ಎಲಿ ಯಾರ ಸೇದ್ತಾರ್ರಿ?" ಎಂದೆ.

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆದರೆ ತಪ್ಪು ನನ್ನದಾಯಿತು. ಹಿರಿಯರಿಗೆ ಹಾಗೆ ಅನ್ನಬಹುದೇ ಎಂದರು ಅತ್ತೆ. ಹೂವು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದರು ಗಂಡ. ಯುಗಾದಿಗೆ ಮೊಳಗಟ್ಟಲೆ ತಂದೂ ಕೊಟ್ಟರು. ಅದನ್ನು ದೇವರಿಗೆ ಏರಿಸಿದೆ. ನನ್ನ ತುರುಬು ಬರಿದಾಗಿಯೇ ಇತ್ತು, ಯಾಕೆಂದು ಯಾರೂ ಕೇಳಲಿಲ್ಲ. ಚಳಿಗಾಲವಿಡೀ ಕಾದದ್ದು ನನ್ನ ಗಿಡದ ಹೂವಿಗೇ ಹೊರತು ಪೇಟೆಯ ಹೂವಿಗಲ್ಲ ಎಂಬುದು ಈ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲ. ಇಂದಿಗೂ ಹೋಗಿಲ್ಲ.

ಈ ವರ್ಷ ಗಿಡಕ್ಕೆ ನೀರು ನಿಲ್ಲಿಸಿದ ದಿನವೇ ಮಾವನಿಗೆ ನೇರವಾಗಿ ಹೇಳಿದೆ, ಅದರ ಹತ್ತಿರ ಹೋಗಬೇಡಿ ಎಂದು. ಪಾಪ, ಈಗ ಹಿತ್ತಲಿಗೆ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಮುದುಕನನ್ನು ಅವನ ಮನೆಯಲ್ಲೇ ಕಳ್ಳನನ್ನಾಗಿ ಮಾಡಿದಳು ಎಂದು ನೆರೆಯವರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ.

ನಿನ್ನೆ ಚಿಗುರು ಕಂಡಿತು. ಗಂಡ ರಾಜಿಯ ಮಾತೆತ್ತಿದರು. ಈ ಸಲ ಮೊದಲ ಹೂವನ್ನು ಅಪ್ಪನ ಕೈಯಿಂದಲೇ ಕೀಳಿಸು, ಅವರ ಮನಸ್ಸಿಗೂ ಸಮಾಧಾನವಾಗುತ್ತದೆ ಎಂದರು. ಮಾವನಿಗೆ ಎರಡನೆಯದು ಕೊಡುತ್ತೇನೆ, ಬೇಕಾದರೆ ಇಡೀ ಬುಟ್ಟಿ ಕೊಡುತ್ತೇನೆ. ಮೊದಲನೆಯದು ನನ್ನದು.