ಗಂಡು ಬಂಗಡೆ, ಹೆಣ್ಣು ತಾರ್ಲೆ

ಈ ಊರಲ್ಲಿ ಕುರ್ಚಿ ಹೆಣ್ಣು, ಗೋಡೆ ಗಂಡು. ಬಂದ ಹೊಸತರಲ್ಲಿ ಇದನ್ನು ಕೇಳಿ ನನಗೆ ತಲೆಬುಡ ತಿಳಿಯಲಿಲ್ಲ. ಫ್ರೆಂಚರು ಸುಮ್ಮನೆ 'ಒಂದು' ಎನ್ನುವುದಿಲ್ಲ. ಗಂಡಾದರೆ 'ಅಂ', ಹೆಣ್ಣಾದರೆ 'ಯೂನ್'. ನಾವೋ, ತೊಟ್ಟಿಲಲ್ಲಿರುವ ಮಗುವನ್ನೂ 'ಅದು' ಎನ್ನುವ ಜನ.

ಗಂಡ ಹಡಗಿನಲ್ಲಿ ಅಡುಗೆಯವರು, ತಿಂಗಳುಗಟ್ಟಲೆ ಮನೆಯಲ್ಲಿರುವುದಿಲ್ಲ. ನಾನು ಬಂದರಿನ ಹತ್ತಿರದ ಮೀನಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕಡಲಂಚಿನ ತದಡಿಯಲ್ಲಿ ಬೆಳೆದವಳಿಗೆ ಮೀನು ಹೆಚ್ಚುವುದು ಕಷ್ಟವಲ್ಲ, ಬಾಯಿ ತೆರೆಯುವುದು ಕಷ್ಟ. ಇಲ್ಲಿ ಬಂಗಡೆ ಗಂಡು, ತಾರ್ಲೆ ಹೆಣ್ಣು. ತಪ್ಪಿದರೆ ಅಂಗಡಿಯ ಒಡತಿ ಎಲೆನ್ ಗಿರಾಕಿಗಳ ಎದುರೇ ತಿದ್ದುತ್ತಿದ್ದಳು. ಫೋನಿನಲ್ಲಿ ಹೇಳಿದರೆ ಊರಲ್ಲಿದ್ದ ಅಮ್ಮನಿಗೆ, ನಮ್ಮ ಅವ್ವಿಗೆ, ನಗು. "ಕುರ್ಚಿ ಹೆಣ್ಣಾದ್ರೆ ಅದ್ಕೆ ಗಂಡು ಹುಡ್ಕೂದು ಯಾರು?" ಅನ್ನುತ್ತಿದ್ದಳು.

ಊರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅವ್ವಿ ತೀರಿಕೊಂಡಳು. ನನ್ನ ವಾಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು. ಈಗ ದೇಶ ಬಿಟ್ಟರೆ ಮರಳಿ ಬರುವ ಖಾತ್ರಿಯಿರಲಿಲ್ಲ. "ಸೂತಕ ಕಳಿಯೂವರೆಗೆ ಮೀನು ತಿನ್ಬೇಡ ಅಕ್ಕಾ, ಅಷ್ಟು ಮಾಡು ಸಾಕು" ಎಂದ ತಮ್ಮ. ಅವ್ವಿಗಾಗಿ ನನ್ನಿಂದ ಆಗುವುದು ಅದೊಂದೇ ಉಳಿದಿತ್ತು.

ಎಲೆನ್‌ಗೆ ಸುದ್ದಿ ಹೇಳುವಾಗ ಅಮ್ಮ ಎಂಬ ಮಾತಿಗೇ ಗಂಡಿನ 'ಅಂ' ಹಚ್ಚಿಬಿಟ್ಟೆ. ಅವಳು ತಿದ್ದಲಿಲ್ಲ. ಸಂಜೆ ಒಂದು ಪಾತ್ರೆ ಮೀನಿನ ಸಾರು ಹಿಡಿದು ಬಾಗಿಲಿಗೆ ಬಂದಳು. ದುಃಖದ ಮನೆಗೆ ಬಿಸಿ ಸಾರು ತರುವುದು ಅವಳಿಗೆ ತಿಳಿದ ರೀತಿ. ತಿನ್ನುವಂತಿಲ್ಲ ಎಂದು ವಿವರಿಸುವಷ್ಟು ಭಾಷೆ ನನ್ನಲ್ಲಿರಲಿಲ್ಲ. ಅವಳು ಹೋದ ಮೇಲೆ ಅಳುತ್ತಲೇ ಅದನ್ನು ಕೆಳಗಿನ ಮನೆಯವರಿಗೆ ಕೊಟ್ಟೆ.

ನಮ್ಮಲ್ಲಿ ಕಾರ್ಯ ಮುಗಿದ ಮೇಲೆ ನೆಂಟರು ಬಂದು, ಮೀನು ಬೇಯಿಸಿ, ಸತ್ತವರಿಗೆ ಎಡೆಯಿಟ್ಟು, ಮನೆಯವರ ಜೊತೆ ಕೂತು ಉಣ್ಣುತ್ತಾರೆ. ಒಬ್ಬರೇ ಉಂಡರೆ ಸೂತಕ ಕಳೆಯುವುದಿಲ್ಲ. ಊರಲ್ಲಿ ಅವ್ವಿಯ ಕಾರ್ಯ ಮುಗಿದ ದಿನ ನಾನು ಇಲ್ಲಿ ಬಂಗಡೆ ಸಾರು ಮಾಡಿ, ಅವ್ವಿಗೆ ಒಂದು ತುಂಡು ತೆಗೆದಿಟ್ಟು, ಎಲೆನ್‌ಳನ್ನು ಊಟಕ್ಕೆ ಕರೆದೆ. ಯಾಕೆಂದು ಹೇಳದಿದ್ದರೂ ಅಂಗಡಿ ಮುಚ್ಚಿ ಬಂದಳು.

ಉಣ್ಣುತ್ತಿದ್ದಾಗ ತಮ್ಮನ ಫೋನು ಬಂತು. ಅಲ್ಲಿ ಊಟವೆಲ್ಲ ಮುಗಿದು ನೆಂಟರು ಹೊರಡುತ್ತಿದ್ದರು, ಅವರ ಮಾತು ಕೇಳಿಸುತ್ತಿತ್ತು.

"ನಿನ್ನ ಜೊತಿಗೆ ಯಾರು ಉಂಡ್ರು ಅಕ್ಕಾ?"

ಎದುರಿಗೆ ಎಲೆನ್ ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಿದ್ದಳು.

"ನಮ್ಮೋರೇ ಒಬ್ರು" ಎಂದೆ.

"ಹಂಗಾರೆ ಆತು" ಎಂದ ತಮ್ಮ.

ಅವನಿಗೆ ಸಮಾಧಾನವಾಯಿತು. ಫೋನಿಟ್ಟು ಮತ್ತೆ ತಟ್ಟೆಗೆ ಕೈ ಹಾಕಿದೆ. ಅವ್ವಿಯನ್ನು ಒಮ್ಮೆಯೂ ಕಾಣದವಳ ಎದುರು ಕೂತು, ಅವ್ವಿಯ ಸೂತಕ ಕಳೆದೆ.