ಆತಗೂರಿನ ಕಪ್ಪು ಗಾಡಿಯ ದೋಷ

ಸಿದ್ದೇಶನಿಗೆ ಎಡಗಿವಿ ಕೇಳಿಸುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಂಡ್ಯದ ಲಾರಿ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಬೋಲ್ಟುಗಳನ್ನು ಕ್ರಮ ತಪ್ಪಿ ಬಿಗಿದನೆಂದು ಮೇಸ್ತ್ರಿ ಮರಿಸಿದ್ದಯ್ಯ ಅಂಗೈ ಬೀಸಿ ಹೊಡೆದ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ನೆನೆಯಿತು. ಸುತ್ತ ಆರು ಜನ ಕೆಲಸದವರಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ಏಟಿಗಿಂತ ಅದೇ ಸಿದ್ದೇಶನ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯಿತು.

ಈಗ ಅವನಿಗೆ ನಲವತ್ತೆಂಟು. ಸೋಮನಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ಸ್ವಂತ ಶೆಡ್ಡು ಇದೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು. ಗಾಡಿಯ ಕಂಪ್ಯೂಟರು ಹೇಳುವುದನ್ನು ಓದುವ ಸ್ಕ್ಯಾನರು ಹೆಂಡತಿ ವನಜಾಳ ಕೈಯಲ್ಲಿರುತ್ತದೆ. ಡಿಪ್ಲೊಮಾ ಓದಿದವಳು, ಗಾರ್ಮೆಂಟ್ಸ್ ಕೆಲಸ ಬಿಟ್ಟು ಶೆಡ್ಡಿಗೆ ಬಂದು ಒಂಬತ್ತು ವರ್ಷವಾಯಿತು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಬಲಗಿವಿಗೆ ಆನಿಸಿ ಅವನು ಕೇಳುತ್ತಾನೆ, ಅವಳು ಓದುತ್ತಾಳೆ. ಹೀಗೆ ಇಬ್ಬರೂ ಸೇರಿ, ಬೇರೆಯವರು ಕೈಬಿಟ್ಟ ಗಾಡಿಗಳನ್ನು ಎಬ್ಬಿಸುತ್ತಾರೆ.

ಮೂರು ವರ್ಷದ ಹಿಂದೆ, ಮಾರ್ಚಿನ ಒಂದು ಬೆಳಿಗ್ಗೆ, ಆತಗೂರಿನ ಶಶಿಧರನ ಕಪ್ಪು ಗಾಡಿ ಬಂತು. ಹದಿನಾಲ್ಕು ವರ್ಷ ಹಳೆಯ ವಿದೇಶಿ ಗಾಡಿ, ಆನೆಯಷ್ಟು ದೊಡ್ಡದು. ಶಶಿಧರನಿಗೆ ಮೂವತ್ತು ಎಕರೆ ನೀರಾವರಿ, ಕಬ್ಬು, ಜೊತೆಗೆ ಎಲ್ಲರಿಗೂ ಗೊತ್ತಿದ್ದ ಕೋಪ. ಗಾಡಿ ಓಡಿಸಿಕೊಂಡು ಬಂದವನು ಯಲಿಯೂರಿನ ಲಿಂಗಯ್ಯ, ಅರವತ್ತರ ಹತ್ತಿರದ ಡ್ರೈವರ್. ಕೆಳಗಿಳಿದಾಗ ಅವನ ಕೆಳತುಟಿ ಸೀಳಿತ್ತು. ರಕ್ತ ಇನ್ನೂ ಹಸಿಯಾಗಿತ್ತು.

"ಒಂದ್ಸಲ ಚೆಂದಾಗ್ ಓಯ್ತದೆ ಸಿದ್ದೇಸ," ಎಂದ ಹಿಂದಿನ ಸೀಟಿನಿಂದ ಇಳಿದ ಶಶಿಧರ. "ಮದ್ದೂರು ದಾಟಿ ಮಳವಳ್ಳಿ ರೋಡ್ಗೆ ಬಿದ್ರೆ ಉಸುರೇ ಇಲ್ಲ. ಆಫ್ ಮಾಡಿ ಆನ್ ಮಾಡುದ್ರೆ ತಿರ್ಗಾ ಸರಿ. ಬೆಂಗ್ಳೂರಲ್ಲಿ ಇಬ್ರು ನೋಡುದ್ರು. ಟರ್ಬೊ ಬದ್ಲಾಯ್ಸುದ್ರು, ಇಂಜೆಕ್ಟರ್ ಬದ್ಲಾಯ್ಸುದ್ರು, ಅಂಗೇ ಅದೆ. ಈಗ ಗೊತ್ತಾಯ್ತು. ಈ ಮುದ್ಕ ಡೀಸೆಲ್ ಕದ್ದು ನೀರ್ ಉಯ್ತಾವ್ನೆ."

ಹೇಳುತ್ತಲೇ ಕೈಹಿಂಬದಿಯಿಂದ ಲಿಂಗಯ್ಯನ ಬಾಯಿಗೆ ಮತ್ತೊಂದು ಬಿಟ್ಟ. ಮುದುಕ ಗಾಡಿಗೆ ಒರಗಿ ನಿಂತ. ಮುಖ ಸಹ ಮುಚ್ಚಿಕೊಳ್ಳಲಿಲ್ಲ. ಏಟು ಅವನಿಗೆ ರೂಢಿಯಾಗಿತ್ತು.

"ಗೌಡ್ರೇ, ನನ್ ಸೆಡ್ಡಲ್ಲಿ ಕೈ ಎತ್ಬೇಡಿ," ಎಂದ ಸಿದ್ದೇಶ್. ದನಿ ಮೆತ್ತಗಿತ್ತು. "ನೀರ್ ಉಯ್ದಿದ್ರೆ ಈಗ್ಲೇ ಕಾಣ್ತದೆ."

ಫಿಲ್ಟರಿನಿಂದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕಾಲುಗಂಟೆ ಕಾದರೂ ತಳ ತಿಳಿಯಾಗಿಯೇ ಇತ್ತು. ಶಶಿಧರ ಬಾಟಲಿಯನ್ನು ಕಿತ್ತುಕೊಂಡು ನೋಡಿ, ಕಾಂಪೌಂಡಿಗೆ ಎಸೆದು ಒಡೆದ.

ವನಜಾ ಸ್ಕ್ಯಾನರು ಸಿಕ್ಕಿಸಿದಳು. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡ ಆಗಾಗ ಬಿದ್ದುಹೋಗಿದೆ ಎಂದು ಅದರಲ್ಲಿತ್ತು. ನಿಂತಲ್ಲಿ ಎಷ್ಟು ರೈಸ್ ಮಾಡಿದರೂ ತಪ್ಪು ಕಾಣಲಿಲ್ಲ. ನಾಲ್ವರೂ ಗಾಡಿ ಹತ್ತಿ ಮಳವಳ್ಳಿ ರಸ್ತೆಗೆ ಹೋದರು. ಸಿದ್ದೇಶ್ ಓಡಿಸಿದ. ಸಮ ರಸ್ತೆಯಲ್ಲಿ ಗಾಡಿ ಬೆಣ್ಣೆಯಂತೆ ಸಾಗಿತು. ಏರಿನಲ್ಲಿ ನಿಲ್ಲಿಸಿ, ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಮಾತ್ರ ಕಪ್ಪು ಹೊಗೆ ಉಗುಳಿ ಮಂಕಾಯಿತು. ಆಫ್ ಮಾಡಿ ಆನ್ ಮಾಡಿ ಮೂರು ಸಲ ತುಳಿದ, ಮೂರು ಸಲವೂ ಅದೇ. ಮೆಲ್ಲಗೆ ತುಳಿದರೆ ಏನೂ ಇಲ್ಲ.

"ಟರ್ಬೊ ಚೆನ್ನಾಗದೆ," ಎಂದ. "ಎಂಜಿನ್ನೇ ಎಲ್ಲೋ ಅಲ್ಲಾಡ್ತಾ ಅದೆ."

ಶೆಡ್ಡಿಗೆ ಹಿಂದಿರುಗಿ ಬಾನೆಟ್ಟು ಎತ್ತಿದ. ಬಲಬದಿಯಲ್ಲಿ, ಹೊಗೆ ಹೊರಹೋಗುವ ಬಿಸಿ ಕೊಳವೆಯನ್ನು ಮುಚ್ಚಿದ್ದ ತಗಡನ್ನು ಬಿಚ್ಚಿದ. ಲಿಂಗಯ್ಯನನ್ನು ಸ್ಟಿಯರಿಂಗಿಗೆ ಕೂರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟ. "ಬ್ರೇಕ್ ಗಟ್ಯಾಗ್ ತುಳ್ದು ಗೇರ್ ಆಕು. ಒಂದ್ಸಲ ಜೋರಾಗ್ ಆಕ್ಸಿಲರೇಟರ್ ಕೊಡು ಲಿಂಗಯ್ಯಣ್ಣ."

ಎಂಜಿನ್ ಒಂದು ಬದಿಗೆ ನಾಲ್ಕು ಬೆರಳು ಎದ್ದಿತು. ಎಂಜಿನ್ ಕೂರುವ ರಬ್ಬರ್ ಮೌಂಟಿಂಗು ಹರಿದು ಎರಡಾಗಿತ್ತು. ಎದ್ದಾಗಲೆಲ್ಲ ವೈರಿನ ಕಟ್ಟು ಕಬ್ಬಿಣದ ಅಂಚಿಗೆ ಉಜ್ಜಿ, ಟರ್ಬೊದ ವೈರಿನ ಸಿಪ್ಪೆ ಸವೆದು ತಾಮ್ರ ಹೊರಬಿದ್ದಿತ್ತು. ಅದು ಕಬ್ಬಿಣಕ್ಕೆ ತಾಗಿದ ಗಳಿಗೆಯಲ್ಲಿ ಗಾಡಿ ಸೋಲುತ್ತಿತ್ತು. ಬೆಂಗಳೂರಿನವರು ಎಲ್ಲವನ್ನೂ ನಿಂತ ಗಾಡಿಯಲ್ಲೇ ಪರೀಕ್ಷಿಸಿದ್ದರು.

ಸಿದ್ದೇಶ್ ಕೆಳಗೆ ಮಲಗಿ ಟಾರ್ಚು ಬಿಟ್ಟ. ಮೌಂಟಿಂಗಿನ ಕಬ್ಬಿಣ ಒಳಕ್ಕೆ ಬಾಗಿತ್ತು. ಅದರ ಸುತ್ತ ಕಲ್ಲು ಗೀಚಿದ ಆಳವಾದ ಗೆರೆಗಳು.

"ಸವ್ದು ಓಗಿರೋದಲ್ಲ ಗೌಡ್ರೇ," ಎಂದು ಎದ್ದು ಬಂದ. "ಯಾವ್ದೋ ಗದ್ದೆ ಬದಿನ್ ಮೇಲೆ ಅತ್ತಿಸಿ ಬಿಸಾಕ್ದಂಗದೆ. ಮೂರ್ನಾಕು ತಿಂಗ್ಳಾಗಿರ್ಬೇಕು."

ಲಿಂಗಯ್ಯ ಗಾಡಿಯಿಂದ ಇಳಿದು, ತುಟಿಯ ರಕ್ತವನ್ನು ಅಂಗೈಯಿಂದ ಒರೆಸಿಕೊಂಡ.

"ಆವತ್ತು ನಾನ್ ರಜದಲ್ಲಿದ್ದೆ," ಎಂದ. "ನೀವೇ ಓಡ್ಸಿದ್ದು. ಮಹದೇವಯ್ಯನ್ನ ಅಟ್ಟಿಸ್ಕಂಡ್ ಓಗಿ ಬದಿನ್ ಮೇಲೆ ಗಾಡಿ ಅತ್ತಿಸಿದ್ರಲ್ಲ. ಅವ್ನ್ ಕಾಲ್ ಮುರ್ದಿದ್ದು ಬಿದ್ದಲ್ಲ. ಮಾರ್ನೆ ದಿನ ಚಕ್ರದ್ ರಕ್ತ ತೊಳ್ದೋನು ನಾನೇ."

ಗದ್ದೆಯ ಗಡಿ ಜಗಳದಲ್ಲಿ ಪಕ್ಕದ ಜಮೀನಿನ ಮಹದೇವಯ್ಯ ಬದುವಿನಿಂದ ಬಿದ್ದು ತೊಡೆ ಮುರಿದುಕೊಂಡ ಎಂದೇ ಊರಲ್ಲಿ ಮಾತಾಗಿತ್ತು. ಠಾಣೆಯಲ್ಲೂ ಹಾಗೇ ಬರೆಸಿದ್ದರು.

ಶಶಿಧರ ನೆಲದ ಮೇಲಿದ್ದ ಜಾಕ್ ರಾಡನ್ನು ಎತ್ತಿಕೊಂಡ. ಮೊದಲ ಏಟು ಲಿಂಗಯ್ಯನ ಭುಜಕ್ಕೆ ಬಿತ್ತು, ಎರಡನೆಯದು ಪಕ್ಕೆಗೆ. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಮುದುಕ ಆಯಿಲ್ ಚೆಲ್ಲಿದ್ದ ನೆಲದ ಮೇಲೆ ಮುದುಡಿಕೊಂಡ. ಶಶಿಧರ ಅವನ ತಲೆಗೆ ಗುರಿಯಿಟ್ಟು ರಾಡು ಎತ್ತಿದ. ಪಕ್ಕದ ಟೈರ್ ಅಂಗಡಿಯಿಂದ ಬಂದ ಮೂವರು ಬಾಗಿಲಲ್ಲೇ ನಿಂತಿದ್ದರು.

ಸಿದ್ದೇಶ್ ನಡುವೆ ಕೈ ಒಡ್ಡಿದ. ರಾಡು ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಇನ್ನೊಂದು ಕೈಯಿಂದ ಶಶಿಧರನ ಕುತ್ತಿಗೆ ಹಿಡಿದು ದೂಡಿಕೊಂಡು ಹೋಗಿ, ತೆರೆದ ಬಾನೆಟ್ಟಿನ ಒಳಕ್ಕೆ ಬಗ್ಗಿಸಿದ. ತಗಡು ಬಿಚ್ಚಿದ್ದ ಕೊಳವೆ ಕೆಳಗೇ ಇತ್ತು. ಸಿದ್ದೇಶ್ ಅದನ್ನು ನೋಡಿದ. ನೋಡಿಯೇ ಒತ್ತಿದ. ಚರ್ಮ ಚುರ್ರೆಂದಿತು, ಸುಟ್ಟ ಕೂದಲಿನ ನಾತ ಎದ್ದಿತು. ಶಶಿಧರ ಕೂಗಿದ ಕೂಗು ಹೆದ್ದಾರಿಯ ಆಚೆಗೂ ಕೇಳಿಸಿತು.

"ಬುಟ್ಬುಡು," ಎಂದಳು ವನಜಾ, ಅವನ ಬೆನ್ನಿಗೆ ಒತ್ತಿ ನಿಂತು. "ಸಾಕು. ಅವ್ನು ಸಾಯ್ತಾನೆ, ಬುಟ್ಬುಡು."

ಅವನು ಬಿಟ್ಟ. ಹೋಗಿ ಲಿಂಗಯ್ಯನ ಪಕ್ಕ ನೆಲದ ಮೇಲೆ ಕೂತ.

ಮಂಡ್ಯದ ಆಸ್ಪತ್ರೆಯಲ್ಲಿ ಮೂವರನ್ನೂ ಒಂದೇ ದಿನ ಸೇರಿಸಿದರು. ಲಿಂಗಯ್ಯನಿಗೆ ಎರಡು ಪಕ್ಕೆಲುಬು ಮುರಿದಿದ್ದವು. ಶಶಿಧರನ ಕಡೆಯವರು ಸಿದ್ದೇಶನ ಮೇಲೆ ಕೊಲೆ ಯತ್ನದ ದೂರು ಕೊಟ್ಟರು. ಆ ವಾರವೇ ಯಾರೋ ಶೆಡ್ಡಿನ ಹೆಂಚುಗಳ ಮೇಲೆ ಕಲ್ಲು ತೂರಿದರು. ವನಜಾ ಒಡೆದ ಹೆಂಚುಗಳ ಫೋಟೊ ತೆಗೆದು, ದೋಷ ಯಾವಾಗ ಶುರುವಾಯಿತೆಂದು ಸ್ಕ್ಯಾನರಿನಲ್ಲಿ ಉಳಿದಿದ್ದ ದಾಖಲೆಯ ಪ್ರತಿ ತೆಗೆದು, ಎರಡನ್ನೂ ಠಾಣೆಗೆ ಕೊಟ್ಟುಬಂದಳು. ಆಸ್ಪತ್ರೆಯ ಹಾಸಿಗೆಯಿಂದಲೇ ಲಿಂಗಯ್ಯ ಹೇಳಿಕೆ ಬರೆಸಿದ. ಪೊಲೀಸರು ಗಾಡಿಯನ್ನು ಜಪ್ತಿ ಮಾಡಿ, ಬಾಗಿದ ಕಬ್ಬಿಣಕ್ಕೂ ಬದುವಿನ ಕಲ್ಲಿಗೂ ಅಳತೆ ಹಿಡಿದರು. ಮಹದೇವಯ್ಯನ ಪ್ರಕರಣ ಮತ್ತೆ ಎದ್ದಿತು.

ಸಿದ್ದೇಶನ ವಕೀಲರು ಒಂದು ದಾರಿ ತೋರಿಸಿದ್ದರು. ತಳ್ಳಾಟದಲ್ಲಿ ಮುಖ ಆಕಸ್ಮಿಕವಾಗಿ ಕೊಳವೆಗೆ ತಾಗಿತು ಎಂದರೆ ಸಾಕಿತ್ತು. ಟೈರ್ ಅಂಗಡಿಯವರೂ ಹಾಗೇ ಹೇಳಲು ಒಪ್ಪಿದ್ದರು. ನ್ಯಾಯಾಲಯದಲ್ಲಿ ಕೇಳಿದಾಗ ಸಿದ್ದೇಶ್ ಹಾಗೆ ಹೇಳಲಿಲ್ಲ.

"ಪೈಪು ಬಿಸಿ ಇದ್ದದ್ದು ನಂಗೊತ್ತಿತ್ತು ಸ್ವಾಮಿ," ಎಂದ. "ಲಿಂಗಯ್ಯಣ್ಣನ್ನ ಬುಡಿಸ್ದಾಗ್ಲೇ ಕೆಲ್ಸ ಮುಗ್ದಿತ್ತು. ಆಮೇಲಿಂದು ನಾನೇ ಮಾಡಿದ್ದು."

ವಕೀಲರು ಕಡತ ಮುಚ್ಚಿಕೊಂಡರು. ಕೊಲೆ ಯತ್ನದ ಆರೋಪ ಬಿದ್ದುಹೋಯಿತು; ಸುಟ್ಟ ತಪ್ಪಿಗೆ ಸಿದ್ದೇಶ್ ನಾಲ್ಕು ತಿಂಗಳು ಜೈಲಿನಲ್ಲಿದ್ದ. ಅಷ್ಟು ದಿನವೂ ವನಜಾ ಒಬ್ಬಳೇ ಶೆಡ್ಡು ತೆರೆದಳು. ಆತಗೂರಿನ ಕಡೆಯ ಟ್ರ್ಯಾಕ್ಟರುಗಳು ಬರುವುದು ನಿಂತವು, ಮಳವಳ್ಳಿ ಕಡೆಯ ಲಾರಿಗಳು ಬಂದವು. ಲಿಂಗಯ್ಯನನ್ನು ಹೊಡೆದದ್ದಕ್ಕೂ ಮಹದೇವಯ್ಯನ ಕಾಲು ಮುರಿದದ್ದಕ್ಕೂ ಶಶಿಧರನಿಗೆ ಮೂರು ವರ್ಷದ ಶಿಕ್ಷೆಯಾಯಿತು; ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದಾನೆ.

ಬೇರೊಂದು ಗಾಡಿಯಲ್ಲಿ ಅವನು ಈಗಲೂ ಆ ದಾರಿಯಲ್ಲಿ ಓಡಾಡುತ್ತಾನೆ. ಶೆಡ್ಡಿನ ಮುಂದೆ ನಿಧಾನ ಮಾಡಿ ಗಾಜು ಇಳಿಸುತ್ತಾನೆ. ಬಲಗೆನ್ನೆಯ ಮೇಲೆ ಗಂಟುಗಂಟಾದ ಕಲೆ ಕಾಣುತ್ತದೆ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡ ಸಿದ್ದೇಶ್ ಕೆಲಸ ನಿಲ್ಲಿಸಿ, ನೆಟ್ಟಗೆ ನಿಂತು, ಆ ಕಲೆಯನ್ನೇ ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ಗಾಜು ಮೇಲೇರುತ್ತದೆ, ಗಾಡಿ ಮದ್ದೂರಿನ ಕಡೆಗೆ ಹೋಗುತ್ತದೆ.